ಪಾಲ್ ಬೀದಿಯ ಬಯಲು

ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರವು ಡ್ಯಾನ್ಯೂಬ್ ನದಿಯ ಎರಡು ದಡಗಳ ಮೇಲೂ ಹಬ್ಬಿಕೊಂಡಿದೆ. ಬುಡಾ, ಓಬುಡಾ, ಪೆಸ್ಟ್ ಎಂಬ ಮೂರು ಊರುಗಳು 1873ರಲ್ಲಿ ಒಂದುಗೂಡಿ ಈ ನಗರವಾಯಿತು. ಆಮೇಲೆ ಅದು ಬೆಳೆದ ವೇಗ ಅಸಾಧಾರಣವಾದುದು. ಬೀದಿಗಳು ನೇರವಾದುವು, ಬೀದಿಗಳ ಇಕ್ಕೆಲಗಳಲ್ಲಿ ಹಲವು ಅಂತಸ್ತಿನ ಮನೆಗಳು ಒತ್ತೊತ್ತಾಗಿ ಎದ್ದು ನಿಂತವು, ಮನೆಗಳ ನಡುವೆ ಅಲ್ಲಲ್ಲಿ ಉಳಿದಿದ್ದ ಖಾಲಿ ನಿವೇಶನಗಳು ಒಂದೊಂದಾಗಿ ಮಾಯವಾದುವು. ನಗರ ಬೆಳೆದುದಕ್ಕೆ ಹಿರಿಯರು ಹೆಮ್ಮೆಪಟ್ಟರು. ಆಡಲು ಜಾಗವೆಲ್ಲಿ ಎಂಬ ಪ್ರಶ್ನೆ ಮಾತ್ರ ಹುಡುಗರ ಪಾಲಿಗೆ ಉಳಿಯಿತು.

ಈ ಪ್ರಶ್ನೆಯಿಂದಲೇ ಒಂದು ಶ್ರೇಷ್ಠ ಕಾದಂಬರಿ ಹುಟ್ಟಿಕೊಂಡಿತು. ಅದರ ಹೆಸರು 'ಪಾಲ್ ಬೀದಿಯ ಹುಡುಗರು'. ಬರೆದವನು ಫೆರೆಂಟ್ಸ್ ಮೋಲ್ನಾರ್. ಇವನು 1878ರಲ್ಲಿ ಬುಡಾಪೆಸ್ಟಿನಲ್ಲಿಯೇ ಹುಟ್ಟಿ, ಪತ್ರಿಕಾಕರ್ತನಾಗಿಯೂ ನಾಟಕಕಾರನಾಗಿಯೂ ಯೂರೋಪಿನಲ್ಲೆಲ್ಲ ಹೆಸರು ಪಡೆದು, ಮುಪ್ಪಿನಲ್ಲಿ ದೇಶಬಿಟ್ಟು ಅಮೆರಿಕೆಗೆ ಹೋಗಿ, 1952ರಲ್ಲಿ ನ್ಯೂಯಾರ್ಕ್ ನಗರದಲ್ಲಿ ತೀರಿಕೊಂಡನು. ಕಾದಂಬರಿಯು ಮೊದಲು 1906ರಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂದು, 1907ರಲ್ಲಿ ಪುಸ್ತಕರೂಪ ತಾಳಿತು. ಕಥೆ ನಡೆಯುವುದು 1889ರ ವಸಂತದಲ್ಲಿ. ಅಂದರೆ ಮೋಲ್ನಾರನು ತಾನೇ ಶಾಲೆಯ ಹುಡುಗನಾಗಿದ್ದ ಕಾಲದ ನಗರವನ್ನು ಇಲ್ಲಿ ಚಿತ್ರಿಸಿದ್ದಾನೆ.

ಕಥೆಯಲ್ಲಿ ಎರಡು ಗುಂಪುಗಳಿವೆ. ಪಾಲ್ ಬೀದಿಯ ಹುಡುಗರಿಗೆ ಒಂದು ಬಯಲಿದೆ. ಅದು ಎರಡು ಮನೆಗಳ ನಡುವೆ ಸಿಕ್ಕಿಕೊಂಡು ಮುಂದೆ ಮುರುಕು ಬೇಲಿಯನ್ನುಳ್ಳ ಒಂದು ಖಾಲಿ ನಿವೇಶನ, ಅಷ್ಟೆ. ಅದರ ಹಿಂದೆ ಉಗಿಯಂತ್ರದಿಂದ ಮರ ಕೊಯ್ಯುವ ಕಾರ್ಖಾನೆಯೊಂದಿದ್ದು, ಅಲ್ಲಿ ಸೌದೆಯನ್ನು ಎತ್ತರವಾಗಿ ಚೌಕಾಕಾರದಲ್ಲಿ ಒಟ್ಟಿರುತ್ತಾರೆ. ಹುಡುಗರ ಕಣ್ಣಿಗೆ ಆ ಸೌದೆಯ ಒಟ್ಟಿಲುಗಳೇ ಕೋಟೆಗಳು, ನಡುವಣ ಓಣಿಗಳೇ ಕಣಿವೆಗಳು. ಕೋಟೆಗಳ ಮೇಲೆ ಬಾವುಟ ಹಾರಿಸಿದ್ದಾರೆ. ಸೈನ್ಯವೂ ಉಂಟು, ಅದರಲ್ಲಿ ಕ್ಯಾಪ್ಟನ್ನರಿದ್ದಾರೆ, ಲೆಫ್ಟಿನೆಂಟರಿದ್ದಾರೆ. ಸಾಮಾನ್ಯ ಸಿಪಾಯಿ ಮಾತ್ರ ಒಬ್ಬನೇ ಒಬ್ಬ! ಉಳಿದವರೆಲ್ಲರೂ ಅಪ್ಪಣೆ ಕೊಡುವವರು. ಎಲ್ಲರಿಗೂ ಸೆಲ್ಯೂಟ್ ಹೊಡೆದು, ಎಲ್ಲರ ಅಪ್ಪಣೆಯನ್ನೂ ಪಾಲಿಸಬೇಕಾದವನು ಎರ್ನೋ ನೆಮೆಚೆಕ್ ಎಂಬ ತೆಳ್ಳಗಿನ, ಹೊಂಬಣ್ಣದ ಕೂದಲಿನ ಪುಟ್ಟ ಹುಡುಗ. ಅವನು ಬಡ ದರ್ಜಿಯೊಬ್ಬನ ಒಬ್ಬನೇ ಮಗ. ಇನ್ನೊಂದು ಗುಂಪಿನವರು ಕೆಂಪು ಅಂಗಿಯವರು. ಇವರ ಠಾಣ್ಯ ಸಸ್ಯೋದ್ಯಾನದ ಕೊಳದ ನಡುವೆ ಇರುವ ಒಂದು ನಡುಗಡ್ಡೆ. ಠಾಣ್ಯವೇನೋ ಭದ್ರವಾಗಿದೆ, ಚೆಂಡಾಡಲು ಮಾತ್ರ ಅಲ್ಲಿ ಸ್ಥಳವಿಲ್ಲ. ಆದುದರಿಂದ ಪಾಲ್ ಬೀದಿಯ ಬಯಲು ಅವರಿಗೆ ಬೇಕಾಗಿದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಎರಡು ಪಕ್ಷಗಳ ನಡುವೆ ಭಾಷೆಯ ಭೇದವಿಲ್ಲ, ಮತದ ಜಗಳವಿಲ್ಲ, ಹಳೆಯ ವೈರವೂ ಇಲ್ಲ. ಎರಡೂ ಕಡೆಯವರು ಒಂದೇ ಊರಿನ ಶಾಲಾಬಾಲಕರು. ಒಂದು ತುಂಡು ನೆಲವಿದೆ. ಅದು ಇಬ್ಬರಿಗೂ ಬೇಕು. ಕಾದಂಬರಿಕಾರನು ಜಗಳದ ಕಾರಣವನ್ನು ಇಷ್ಟು ಸರಳವಾಗಿ ಇಟ್ಟುಕೊಂಡಿರುವುದು ಜಾಣತನ. ಒಂದು ಪಕ್ಷ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಮೊದಲೇ ತೀರ್ಮಾನಿಸಿಬಿಡುವ ಅವಕಾಶವು ಓದುಗನಿಗೆ ಇಲ್ಲವಾಗುತ್ತದೆ. ಯಾರು ಹೇಗೆ ಎಂಬುದು ಜಗಳ ನಡೆಯುತ್ತ ನಡೆಯುತ್ತ ತಿಳಿಯಬೇಕಾಗುತ್ತದೆ.

ಜಗಳವು ಗೋಲಿಗಳಿಂದ ಮೊದಲಾಗುತ್ತದೆ. ನೆಮೆಚೆಕನೂ ಅವನ ಗೆಳೆಯರೂ ವಸ್ತುಸಂಗ್ರಹಾಲಯದ ತೋಟದಲ್ಲಿ ಗೋಲಿಯಾಡುತ್ತಿರುವಾಗ ಕೆಂಪು ಅಂಗಿಯ ಗುಂಪಿನ ಪಾಸ್ತೋರ್ ಸಹೋದರರು ಅಲ್ಲಿಗೆ ಬರುತ್ತಾರೆ. ಇಬ್ಬರೂ ದಷ್ಟಪುಷ್ಟರಾದ ಹುಡುಗರು. ಅವರು 'ಐನ್‌ಸ್ಟಾಂಡ್' ಎಂಬ ಒಂದು ಮಾತನ್ನು ಉಚ್ಚರಿಸಿ ಗೋಲಿಗಳನ್ನೆಲ್ಲ ಬಾಚಿಕೊಂಡು ಹೊರಟುಹೋಗುತ್ತಾರೆ. ಇದು ಆ ಕಾಲದ ಬುಡಾಪೆಸ್ಟಿನ ಹುಡುಗರಲ್ಲಿ ಬಳಕೆಯಲ್ಲಿದ್ದ ಜರ್ಮನ್ ಮೂಲದ ಶಬ್ದ. ಬಲಶಾಲಿಯಾದವನು ದುರ್ಬಲನ ವಸ್ತುವನ್ನು ವಶಪಡಿಸಿಕೊಳ್ಳುತ್ತಿದ್ದೇನೆಂದು ಸಾರುವ ಘೋಷಣೆ ಅದು. ಎದುರಾಡಿದರೆ ಪೆಟ್ಟು ಬೀಳುತ್ತದೆ. ದರೋಡೆಗೂ ಒಂದು ಶಾಸ್ತ್ರೋಕ್ತವಾದ ಹೆಸರು ಇರುವುದು ಹುಡುಗರ ಲೋಕಕ್ಕೆ ಮಾತ್ರ ಸೀಮಿತವಾದ ವಿಷಯವಲ್ಲವೆಂದು ಪ್ರೌಢ ಓದುಗನು ಒಳಗೊಳಗೇ ನಕ್ಕರೆ ಆಶ್ಚರ್ಯವಿಲ್ಲ.

ಇದಾದ ಬಳಿಕ ಕೆಂಪು ಅಂಗಿಯವರ ನಾಯಕ ಫೆರಿ ಆಚ್ ಒಬ್ಬನೇ ಶತ್ರುಗಳ ಬಯಲಿಗೆ ನುಗ್ಗಿ ಕೋಟೆಯ ಮೇಲಿನ ಬಾವುಟವನ್ನು ಕಿತ್ತುಕೊಂಡು ಹೋಗುತ್ತಾನೆ. ಆ ಹೊತ್ತಿನಲ್ಲಿ ಅದನ್ನು ಕಂಡವನು ನೆಮೆಚೆಕ್. ಅವನು ಹೆದರಿ ನಡುಗುತ್ತಾನೆ, ಕೈಕಾಲು ಆಡುವುದಿಲ್ಲ. ಈ ಭಯವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯ ಬೆಲೆ ತಿಳಿಯುತ್ತದೆ. ಪಾಲ್ ಬೀದಿಯವರು ಸಭೆ ಸೇರಿ ಯಾನೋಶ್ ಬೋಕಾ ಎಂಬವನನ್ನು ತಮ್ಮ ಅಧ್ಯಕ್ಷನನ್ನಾಗಿ ಆರಿಸುತ್ತಾರೆ. ಬೋಕಾ ಹದಿನಾಲ್ಕು ವರ್ಷದವನು, ಮಿತಭಾಷಿ, ವಿವೇಕಿ. ತಮಗೂ ಧೈರ್ಯವುಂಟೆಂದು ಶತ್ರುಗಳಿಗೆ ತೋರಿಸಬೇಕಾಗಿದೆ. ಆದುದರಿಂದ ಬೋಕಾ, ಚೋನಾಕೋಶ್ ಮತ್ತು ನೆಮೆಚೆಕ್ ಮೂವರೂ ಸಂಜೆಗತ್ತಲಲ್ಲಿ ಸಸ್ಯೋದ್ಯಾನಕ್ಕೆ ಹೋಗಿ, ತಾವು ಬಂದಿದ್ದೆವೆಂದು ತಿಳಿಸುವ ಚೀಟಿಯೊಂದನ್ನು ನಡುಗಡ್ಡೆಯ ಮರಕ್ಕೆ ಅಂಟಿಸಿ ಬರುತ್ತಾರೆ. ಆಗ ಅವರಿಗೆ ಕಾಣಿಸಿದ್ದೇನು? ತಮ್ಮವನೇ ಆದ ಗೆರೇಬ್ ಎಂಬ ಹುಡುಗನು ಶತ್ರುಗಳ ನಡುವೆ ಕುಳಿತು ಸಲಹೆ ಕೊಡುತ್ತಿದ್ದಾನೆ. ನಾಯಕತ್ವವು ಬೋಕಾನಿಗೆ ದೊರೆತು ತನಗೆ ದೊರೆಯಲಿಲ್ಲವೆಂಬ ಅಸೂಯೆ ಅವನನ್ನು ಅಲ್ಲಿಗೆ ತಂದಿದೆ.

ಕಥೆಯ ತಿರುವು ಇಲ್ಲಿಯೇ ಇದೆ. ಇದುವರೆಗೆ ಜಗಳವು ಬೇಲಿಯ ಆಚೆಗೂ ಈಚೆಗೂ ನಡುವಣ ಜಗಳವಾಗಿತ್ತು. ಗೆರೇಬನು ಕಾಣಿಸಿಕೊಂಡ ಕ್ಷಣದಿಂದ ಅದು ಬೇಲಿಯ ಒಳಕ್ಕೂ ಬಂದು ಸೇರುತ್ತದೆ. ಎರಡು ಗುಂಪುಗಳ ಕದನವನ್ನು ವರ್ಣಿಸುವ ಸಾಮಾನ್ಯ ಕಥೆಗಾರನು ಏಟಿಗೆ ಎದುರೇಟು ಎಂದು ಘಟನೆಗಳನ್ನು ಪೋಣಿಸುತ್ತ ಹೋಗುತ್ತಾನೆ. ಎಷ್ಟು ಪುಟ ಬರೆದರೂ ಕಥೆ ನಿಂತ ಕಡೆಯೇ ನಿಂತಿರುತ್ತದೆ. ಮೋಲ್ನಾರನು ಹಾಗೆ ಮಾಡುವುದಿಲ್ಲ. ಹೊರಗಿನ ಸಂಘರ್ಷದ ಪ್ರತಿಯೊಂದು ಘಟ್ಟವೂ ಒಳಗಿನ ಒಂದು ಗುಟ್ಟನ್ನು ಹೊರಗೆಡಹುವಂತೆ ಅವನು ಕಥೆಯನ್ನು ಹೆಣೆದಿದ್ದಾನೆ. ಅಷ್ಟೇ ಅಲ್ಲ, ಪ್ರತಿಯೊಂದು ಘಟ್ಟವೂ ನೆಮೆಚೆಕನನ್ನು ನೀರಿಗೆ ಇಳಿಸುತ್ತದೆ. ಸಸ್ಯೋದ್ಯಾನಕ್ಕೆ ಹೋದ ಆ ಸಂಜೆ ಅವನು ದೋಣಿಯ ಬಳಿ ಜಾರಿ ಕೊಳಕ್ಕೆ ಬೀಳುತ್ತಾನೆ. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಲು ಗಾಜಿನ ಮನೆಯೊಳಗೆ ಹೊಕ್ಕು, ಅಲ್ಲಿದ್ದ ಮೀನಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕುಳಿತುಕೊಳ್ಳುತ್ತಾನೆ. ಓದುಗನು ಆಗ ನಗುತ್ತಾನೆ. ನಗಿಸುವಂತೆಯೇ ಬರೆದಿದೆ.

ನಗೆಯ ಇನ್ನೊಂದು ಪ್ರಸಂಗ 'ಪುಟ್ಟಿ ಸಂಘ'ದ್ದು. ಕಿಟಕಿಯ ಗಾಜನ್ನು ಚೌಕಟ್ಟಿಗೆ ಕೂರಿಸಲು ಬಳಸುವ ಮೆತ್ತನೆಯ ಪುಟ್ಟಿಯನ್ನು ಕಿತ್ತು ತಂದು ಕೂಡಿಡುವುದು ಈ ಸಂಘದ ಒಂದೇ ಕಾರ್ಯ. ಅದು ಒಣಗದಂತೆ ಆಗಾಗ ಅಗಿಯುವುದು ಅಧ್ಯಕ್ಷನ ಕರ್ತವ್ಯ! ಸಂಘಕ್ಕೆ ನಿಬಂಧನೆಗಳಿವೆ, ಮೊಹರಿದೆ, ನಡವಳಿಕೆಯ ಪುಸ್ತಕವಿದೆ. ಒಂದು ದಿನ ಸಂಘದ ಸಭೆ ನಡೆಯುತ್ತಿರುವಾಗ ನೆಮೆಚೆಕನು ನಡುವೆಯೇ ಎದ್ದು ಹೋಗಬೇಕಾಗುತ್ತದೆ. ಗೆರೇಬನು ಬಯಲಿನ ಕಾವಲುಗಾರ ಯಾನೋವಿಗೆ ಚುಟ್ಟಾ ಕೊಟ್ಟು, ಹುಡುಗರನ್ನು ಅಲ್ಲಿಂದ ಓಡಿಸುವಂತೆ ಒಪ್ಪಿಸುತ್ತಿದ್ದುದನ್ನು ಅವನು ಮರೆಯಿಂದ ಕೇಳಿಸಿಕೊಂಡಿರುತ್ತಾನೆ. ಈ ಸುದ್ದಿಯನ್ನು ಕೂಡಲೇ ಬೋಕಾನಿಗೆ ಮುಟ್ಟಿಸಬೇಕು. ಗುಟ್ಟಾದುದರಿಂದ ಕಾರಣ ಹೇಳುವಂತಿಲ್ಲ. ಸಂಘದವರು ಅವನನ್ನು ಹೇಡಿಯೆಂದೂ ದ್ರೋಹಿಯೆಂದೂ ತೀರ್ಮಾನಿಸಿ, ಪುಸ್ತಕದಲ್ಲಿ ಅವನ ಹೆಸರನ್ನು ಸಣ್ಣಕ್ಷರಗಳಲ್ಲಿ ಬರೆಯುತ್ತಾರೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹಂಗೇರಿಯನ್ ಭಾಷೆಯಲ್ಲಾದರೋ, ಇಂಗ್ಲಿಷಿನಂತೆಯೇ, ವ್ಯಕ್ತಿಯ ಹೆಸರಿನ ಮೊದಲನೆಯ ಅಕ್ಷರವನ್ನು ದೊಡ್ಡದಾಗಿ ಬರೆಯಬೇಕು. ಅದನ್ನು ಸಣ್ಣದಾಗಿ ಬರೆದರೆ ಆ ಮನುಷ್ಯನ ಮಾನವನ್ನೇ ಕಳೆದಂತೆ. ದ್ರೋಹ ಮಾಡಿದ ಗೆರೇಬನ ಹೆಸರು ದೊಡ್ಡಕ್ಷರದಲ್ಲಿಯೇ ಉಳಿಯಿತು. ದ್ರೋಹವನ್ನು ಬಯಲಿಗೆಳೆಯಹೊರಟವನ ಹೆಸರು ಸಣ್ಣದಾಯಿತು.

ಬಾವುಟವು ಹೋದುದು ತನ್ನ ಕಣ್ಣೆದುರಿನಲ್ಲಿ ಎಂಬ ಕೊರಗು ನೆಮೆಚೆಕನನ್ನು ಬಿಡುವುದಿಲ್ಲ. ಅದನ್ನು ತರಲು ಅವನು ಯಾರಿಗೂ ಹೇಳದೆ ಒಬ್ಬನೇ ನಡುಗಡ್ಡೆಗೆ ಹೋಗಿ ಮರವೊಂದನ್ನು ಏರಿ ಅಡಗಿರುತ್ತಾನೆ. ಕೆಳಗೆ ಕೆಂಪು ಅಂಗಿಯವರ ಸಭೆ ನಡೆಯುತ್ತಿದೆ. ಕಾವಲುಗಾರನಿಗೆ ಲಂಚ ಕೊಟ್ಟು ಕಾರ್ಯ ಸಾಧಿಸುವ ಉಪಾಯವನ್ನು ಗೆರೇಬನು ವಿವರಿಸುತ್ತಾನೆ. ಆಗ ಫೆರಿ ಆಚ್ ಅದನ್ನು ತಿರಸ್ಕರಿಸುತ್ತಾನೆ. ನೆಲ ಬೇಕಾದರೆ ನೇರವಾಗಿ ಹೋರಾಡಿ ಗೆಲ್ಲಬೇಕೇ ಹೊರತು ಲಂಚದಿಂದಲ್ಲ ಎಂಬುದು ಅವನ ನಿಲುವು. ಪಾಲ್ ಬೀದಿಯಲ್ಲಿ ಧೈರ್ಯಶಾಲಿಗಳು ಯಾರೂ ಇಲ್ಲವೆಂದು ಗೆರೇಬನು ಹೇಳಿದಾಗ, ಇದ್ದಾನೆಂಬ ಉತ್ತರ ಮರದ ಮೇಲಿನಿಂದ ಬರುತ್ತದೆ! ನೆಮೆಚೆಕ್ ಕೆಳಗಿಳಿದು ಎಲ್ಲರೆದುರಿಗೆ ನಿಲ್ಲುತ್ತಾನೆ. ತಮ್ಮ ಪಕ್ಷಕ್ಕೆ ಬರುವಂತೆ ಫೆರಿ ಆಚ್ ಕರೆಯುತ್ತಾನೆ, ಹುಡುಗನು ಒಪ್ಪುವುದಿಲ್ಲ. ಅವನನ್ನು ಕೊಳದಲ್ಲಿ ಅದ್ದಿಸುತ್ತಾರೆ. ಇದು ಮೂರನೆಯ ಸಲ. ದಡದಲ್ಲಿ ನಿಂತವರೆಲ್ಲ ನಗುತ್ತಾರೆ, ಗೆರೇಬನೂ ನಗುತ್ತಾನೆ. ನೀರು ಸೋರುವ ಬಟ್ಟೆಯಲ್ಲಿ ಮೇಲೆದ್ದು ಬಂದ ನೆಮೆಚೆಕನು, ಗೆಳೆಯರ ಶತ್ರುಗಳೊಡನೆ ಸೇರಿ ದಡದಲ್ಲಿ ನಗುವುದಕ್ಕಿಂತ ನೀರಿನಲ್ಲಿ ಕುಳಿತಿರುವುದೇ ಮೇಲೆಂದು ಗೆರೇಬನಿಗೆ ನೇರವಾಗಿ ಹೇಳುತ್ತಾನೆ. ನಗು ನಿಂತುಹೋಗುತ್ತದೆ. ಫೆರಿ ಆಚ್ ತನ್ನ ಸೈನಿಕರಿಗೆ ಆ ಪುಟ್ಟ ಹುಡುಗನಿಗೆ ಸೈನಿಕ ಮರ್ಯಾದೆ ಸಲ್ಲಿಸುವಂತೆ ಅಪ್ಪಣೆ ಮಾಡುತ್ತಾನೆ. ಅವನು ಹೊರಟುಹೋದ ಮೇಲೆ, ಸಣ್ಣವರಿಂದ ಗೋಲಿ ಕಿತ್ತುಕೊಂಡ ತಪ್ಪಿಗಾಗಿ ಪಾಸ್ತೋರ್ ಸಹೋದರರನ್ನು ಅದೇ ಕೊಳದಲ್ಲಿ ಮುಳುಗೇಳಿಸುತ್ತಾನೆ.

ಕಾದಂಬರಿಯ ಅತ್ಯಂತ ಮಹತ್ತ್ವದ ಸನ್ನಿವೇಶ ಇದೇ ಎನ್ನಬೇಕು. ಯುದ್ಧದ ವರ್ಣನೆ ಇದಕ್ಕಿಂತ ರಮ್ಯವಾಗಿದ್ದರೂ ಇಷ್ಟು ಆಳವಾದುದಲ್ಲ. ತನ್ನವರು ಯಾರ ಹೆಸರನ್ನು ಸಣ್ಣಕ್ಷರದಲ್ಲಿ ಬರೆದರೋ ಅವನ ಯೋಗ್ಯತೆಯನ್ನು ಮೊಟ್ಟಮೊದಲು ಗುರುತಿಸಿದವನು ಶತ್ರುವಿನ ನಾಯಕ. ಗುಂಪುಗಳ ಜಗಳವು 'ನಮ್ಮವರು', 'ಅವರು' ಎಂಬ ಗೆರೆಯೊಂದನ್ನು ಎಳೆದಿತ್ತು. ಆ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ಈಚೆಯ ಗೆರೇಬನು ನೀಚನಾಗಿದ್ದಾನೆ, ಆಚೆಯ ಆಚ್ ಉದಾರಿಯಾಗಿದ್ದಾನೆ. ಹಾಗಾದರೂ ನೆಮೆಚೆಕನು ಆಚೆಗೆ ಹೋಗುವುದಿಲ್ಲ. ಮರ್ಯಾದೆ ದೊರೆಯುವ ಕಡೆಗೆ ನಿಷ್ಠೆ ಹರಿಯುವುದಾದರೆ ಅವನು ಆ ದಿನವೇ ಕೆಂಪು ಅಂಗಿ ತೊಡಬೇಕಾಗಿತ್ತು.

ಒದ್ದೆಯಾದ ಮೈಯಿಂದ ನೆಗಡಿಯಾಗಿ, ನೆಗಡಿ ಜ್ವರವಾಗಿ, ಜ್ವರವು ಎದೆಗೆ ಇಳಿಯುತ್ತದೆ. ಮಗನು ದ್ರೋಹಿಯೆಂಬುದು ನಿಜವೇ ಎಂದು ಗೆರೇಬನ ತಂದೆ ಬಂದು ವಿಚಾರಿಸಿದಾಗ, ಜ್ವರದಿಂದ ನಡುಗುತ್ತಿದ್ದ ನೆಮೆಚೆಕನು ಅದು ನಿಜವಲ್ಲವೆಂದು ಹೇಳಿಬಿಡುತ್ತಾನೆ. ಸುಳ್ಳನ್ನು ಎಂದಿಗೂ ಮೆಚ್ಚದ ಓದುಗನೂ ಈ ಒಂದು ಸುಳ್ಳಿನ ಮುಂದೆ ಸ್ವಲ್ಪ ಹೊತ್ತು ತಡೆಯುತ್ತಾನೆ. ಗೆರೇಬನು ಪಶ್ಚಾತ್ತಾಪಪಟ್ಟು ತನ್ನ ಗುಂಪಿಗೆ ಮರಳುತ್ತಾನೆ.

ಯುದ್ಧವು ನಿಯಮಬದ್ಧವಾದುದು. ರಾಯಭಾರಿಗಳು ಬಂದು ಯುದ್ಧ ಘೋಷಿಸುತ್ತಾರೆ. ಯಾವ ಆಯುಧಗಳನ್ನು ಬಳಸಬಹುದೆಂದು ಎರಡೂ ಕಡೆಯವರು ಗೊತ್ತುಮಾಡಿಕೊಳ್ಳುತ್ತಾರೆ. ಮರಳಿನ ಉಂಡೆಗಳನ್ನು ಎಸೆಯಬಹುದು, ಕುಸ್ತಿ ಹಿಡಿಯಬಹುದು, ಗುದ್ದುವಂತಿಲ್ಲ. ಶತ್ರುಗಳು ಎರಡು ದಳಗಳಾಗಿ ಎರಡು ಬೀದಿಗಳ ಕಡೆಯಿಂದ ನುಗ್ಗುವರೆಂಬುದನ್ನು ಬೋಕಾ ಮುಂಚಿತವಾಗಿ ಊಹಿಸಿ, ಒಂದು ದಳವನ್ನು ಹಿಮ್ಮೆಟ್ಟಿಸಿ ಕಾವಲುಗಾರನ ಗುಡಿಸಲಿನೊಳಗೆ ಕೂಡಿಹಾಕುತ್ತಾನೆ. ಫೆರಿ ಆಚ್ ಅವರನ್ನು ಬಿಡಿಸಲು ಬಾಗಿಲಿನ ಬಳಿಗೆ ಧಾವಿಸುತ್ತಾನೆ. ಬಾಗಿಲು ತೆರೆದರೆ ಬಯಲು ಕೈಬಿಟ್ಟಂತೆಯೇ. ಆ ಕ್ಷಣದಲ್ಲಿ, ಹಾಸಿಗೆಯಿಂದ ತಪ್ಪಿಸಿಕೊಂಡು ಬಂದ ನೆಮೆಚೆಕನು ಅವನ ಮೇಲೆ ಎರಗಿ, ತನಗಿಂತ ಎಷ್ಟೋ ಬಲಶಾಲಿಯಾದ ಆ ನಾಯಕನನ್ನು ನೆಲಕ್ಕೆ ಕೆಡವುತ್ತಾನೆ. ತಾನೂ ಮೂರ್ಛೆ ಹೋಗುತ್ತಾನೆ. ಯುದ್ಧ ಗೆದ್ದಿತು. ಒಬ್ಬನೇ ಸಿಪಾಯಿಯಾಗಿದ್ದವನನ್ನು ಬೋಕಾ ಕ್ಯಾಪ್ಟನ್ ಪದವಿಗೆ ಏರಿಸಿದನು. ತಾಯಿ ಬಂದು ಮಗನನ್ನು ಮನೆಗೆ ಕರೆದೊಯ್ದಳು.

ಸಾಹಸದ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಇದು ಬಾಲ್ಯದಿಂದ ಪ್ರೌಢತೆಗೆ ಕಾಲಿಡುವ ಹುಡುಗರ ಕಥೆ. ಆದುದರಿಂದ ಗೆಲುವಿನ ಮರುದಿನದ ಲೆಕ್ಕವನ್ನು ಲೇಖಕನು ಬಿಡುವುದಿಲ್ಲ. ಅಮೆರಿಕದ ಲೇಖಕಿ ಎಸ್. ಇ. ಹಿಂಟನ್ ಹದಿಹರೆಯದಲ್ಲಿಯೇ ಬರೆದು 1967ರಲ್ಲಿ ಪ್ರಕಟಿಸಿದ 'ದಿ ಔಟ್‌ಸೈಡರ್ಸ್' ಎಂಬ ಪ್ರಸಿದ್ಧ ಕಾದಂಬರಿಯಲ್ಲಿಯೂ ಇಂಥದೇ ಜೋಡಣೆ ಕಂಡುಬರುತ್ತದೆ: ಬಡ ಹುಡುಗರ ಗುಂಪು ಸಿರಿವಂತ ಹುಡುಗರ ಗುಂಪಿನೊಡನೆ ಹೊಡೆದಾಡಿ ಗೆದ್ದ ರಾತ್ರಿಯೇ, ಗೆದ್ದವರ ಗೆಳೆಯನೊಬ್ಬನು ಆಸ್ಪತ್ರೆಯಲ್ಲಿ ಸಾಯುತ್ತಾನೆ. ಅಲ್ಲಿ ಜಗಳಕ್ಕೆ ಬಡತನ, ಸಿರಿತನಗಳೆಂಬ ಆಳವಾದ ಕಾರಣವಿದೆ. ಮೋಲ್ನಾರನ ಹುಡುಗರಿಗೆ ಅಂಥ ಕಾರಣದ ಆಸರೆಯೂ ಇಲ್ಲ. ನೆಮೆಚೆಕನ ಸಾವನ್ನು ಯಾರ ಮೇಲೆ ಹೊರಿಸುವುದು? ಅವನನ್ನು ನೀರಿನಲ್ಲಿ ಅದ್ದಿಸಿದ ಆಚನೇ ಈಗ ಕಳವಳದಿಂದ ಅವನ ಮನೆಯ ಮುಂದೆ ಬಂದು ನಿಲ್ಲುತ್ತಾನೆ.

ಮನೆಯೊಳಗಿನ ಚಿತ್ರ ಮನಕರಗಿಸುವಂಥದು. ಸನ್ನಿಯಲ್ಲಿ ಹುಡುಗನು ಯುದ್ಧವನ್ನೂ, ತನ್ನ ಹೆಸರನ್ನು ಸಣ್ಣಕ್ಷರಗಳಲ್ಲಿ ಬರೆದುದನ್ನೂ ಕುರಿತು ಬಡಬಡಿಸುತ್ತಾನೆ. ಹೊಸ ಉಡುಪನ್ನು ತೊಟ್ಟುನೋಡಲು ಗಿರಾಕಿಯೊಬ್ಬನು ಬರುತ್ತಾನೆ. ಹಣವಿಲ್ಲದ ದರ್ಜಿ ಅವನನ್ನು ಹಿಂದಕ್ಕೆ ಕಳುಹಿಸಲಾರನು. ಪಕ್ಕದಲ್ಲಿ ಮಗನು ಕೊನೆಯುಸಿರೆಳೆಯುತ್ತಿರುವಾಗ ತಂದೆ ಕಣ್ಣೀರನ್ನು ತಡೆದುಕೊಂಡು ಉಡುಪಿನ ಅಳತೆ ಸರಿಪಡಿಸುತ್ತಾನೆ. ಹುಡುಗರ ಸೈನ್ಯದಲ್ಲಿ ಪದವಿಗಳು ಮಾತಿನಿಂದ ಹುಟ್ಟಿದವು, ಮಾತಿನಿಂದಲೇ ಬದಲಾದುವು. ದರ್ಜಿಯ ಬಡತನವು ಅಂಥದಲ್ಲವೆಂಬುದು ಬೋಕಾನ ಕಣ್ಣಿಗೆ ಬಿದ್ದಿತು.

ಪುಟ್ಟಿ ಸಂಘದವರು ತಮ್ಮ ತಪ್ಪನ್ನು ಅರಿತು, ಕ್ಷಮೆ ಬೇಡುವ ಪತ್ರವೊಂದನ್ನು ಅಂದವಾಗಿ ಬರೆದು, ನೆಮೆಚೆಕನ ಹೆಸರನ್ನು ದೊಡ್ಡಕ್ಷರಗಳಲ್ಲಿ ತಿದ್ದಿ, ಮೆರವಣಿಗೆಯಂತೆ ಅವನ ಮನೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಅವನು ತೀರಿಕೊಂಡಿದ್ದನು. ಕಾಗದವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಹುಡುಗರು ಅದನ್ನು ಹಿಂದಕ್ಕೆ ಒಯ್ದರು. ನಗಿಸುವುದಕ್ಕೆಂದೇ ಕಥೆಯೊಳಗೆ ಬಂದಂತಿದ್ದ ಆ ಸಂಘವು ಕೊನೆಯಲ್ಲಿ ಓದುಗನ ಗಂಟಲನ್ನು ಕಟ್ಟುತ್ತದೆ.

ಇಷ್ಟಾದ ಮೇಲೆ ಬೋಕಾ ಬಯಲಿಗೆ ಹೋಗುತ್ತಾನೆ. ಅಲ್ಲಿ ಅಪರಿಚಿತರು ಬಂದು ನೆಲವನ್ನು ಅಳೆದು ಗುರುತು ಹಾಕಿ ಹೋಗಿದ್ದಾರೆ. ಇನ್ನು ಕೆಲವು ದಿನಗಳಲ್ಲಿ ಬಯಲನ್ನು ಅಗೆದು ದೊಡ್ಡ ಮನೆಯೊಂದನ್ನು ಕಟ್ಟುವರೆಂದು ಕಾವಲುಗಾರ ಯಾನೋ ಮಾಮೂಲು ಸುದ್ದಿಯಂತೆ ತಿಳಿಸುತ್ತಾನೆ. ಯಾವ ನೆಲಕ್ಕಾಗಿ ಬಾವುಟ ಕದ್ದರೋ, ಮರ ಏರಿದರೋ, ಸುಳ್ಳಾಡಿದರೋ, ಪ್ರಾಣ ತೆತ್ತರೋ, ಆ ನೆಲವು ಎಂದೂ ಅವರದಾಗಿರಲಿಲ್ಲ. ಅದರ ಒಡೆಯನು ಕಥೆಯಲ್ಲಿ ಒಮ್ಮೆಯಾದರೂ ಕಾಣಿಸಿಕೊಳ್ಳುವುದಿಲ್ಲ. ಕಾಣಿಸಿಕೊಳ್ಳುವ ಅಗತ್ಯ ಅವನಿಗಿಲ್ಲ. ಎರಡು ಸೈನ್ಯಗಳಲ್ಲಿ ಯಾವುದು ಗೆದ್ದಿದ್ದರೂ ಅಳತೆಯವರು ಬರುತ್ತಲೇ ಇದ್ದರು. ಲೇಖಕನು ಈ ಸಂಗತಿಯನ್ನು ಮೊದಲೇ ಹೇಳಿಬಿಟ್ಟಿದ್ದರೆ ಯುದ್ಧವು ಮೂರ್ಖರ ಕಾಳಗವಾಗಿ ತೋರುತ್ತಿತ್ತು. ನೆಮೆಚೆಕನ ನಿಷ್ಠೆಯೂ ಅದರೊಡನೆ ಹಗುರವಾಗುತ್ತಿತ್ತು. ಆ ನಿಷ್ಠೆಯ ತೂಕ ಓದುಗನ ಮನಸ್ಸಿನಲ್ಲಿ ನೆಲೆಗೊಂಡ ಮೇಲೆಯೇ ನೆಲವು ಕಾಲ ಕೆಳಗಿನಿಂದ ಜಾರುತ್ತದೆ.

ಈ ಕಥೆಯನ್ನು ಆಧರಿಸಿ 1934ರಲ್ಲಿ ಅಮೆರಿಕದಲ್ಲಿಯೂ 1969ರಲ್ಲಿ ಹಂಗೇರಿಯ ನಿರ್ದೇಶಕ ಜೊಲ್ತಾನ್ ಫಾಬ್ರಿಯ ಕೈಯಲ್ಲಿಯೂ ಚಲನಚಿತ್ರಗಳಾದುವು. 2007ರಲ್ಲಿ ಬುಡಾಪೆಸ್ಟಿನ ಪ್ರಾಟೆರ್ ಬೀದಿಯ ಶಾಲೆಯೊಂದರ ಮುಂದೆ ಈ ಕಾದಂಬರಿಯ ಹುಡುಗರ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಲಾಯಿತು. ಶಿಲ್ಪಿಯು ಆರಿಸಿಕೊಂಡುದು ಯುದ್ಧದ ಗೆಲುವನ್ನಲ್ಲ, ಗೋಲಿಗಳನ್ನು ಕಸಿದುಕೊಳ್ಳುವ ಪ್ರಸಂಗವನ್ನು. ಸಣ್ಣ ಹುಡುಗರು ನೆಲದ ಮೇಲೆ ಆಟದಲ್ಲಿ ಮೈಮರೆತಿದ್ದಾರೆ. ದೊಡ್ಡವರು ಅವರನ್ನು ನೋಡುತ್ತ ನಿಂತಿದ್ದಾರೆ.